ಎರ್ರ ಗಲಿಜೇರು

ನಮ್ಮ ಮನೆಯವರು ಯಾವ ಮಾತನ್ನೂ ಪೂರ್ತಿ ಕೇಳಿಸಿಕೊಂಡವರಲ್ಲ. ಅರ್ಧ ಮುಗಿಯುವಷ್ಟರಲ್ಲಿ ಅವರ ಕಣ್ಣು ಬಳ್ಳಾರಿ ಗುಡ್ಡದ ಮೇಲಿನ ಮೋಡಕ್ಕೋ, ಗೋಡೆಯ ಮೇಲಿನ ಹಲ್ಲಿಗೋ ಹೊರಟುಬಿಡುತ್ತಿತ್ತು. ಕಿವಿಯೂ ಕಣ್ಣಿನ ಹಿಂದೆಯೇ ಹೋಗುತ್ತಿತ್ತು. ಸಾಮಾನ್ಯವಾಗಿ ಇದರಿಂದ ಲೋಕಕ್ಕೆ ಹಾನಿ ಇರಲಿಲ್ಲ. ಉಪ್ಪು ತನ್ನಿ ಎಂದರೆ ಸೊಪ್ಪು ತರುತ್ತಿದ್ದರು. ಸೊಪ್ಪೂ ಬೇಕಾಗಿಯೇ ಇರುತ್ತಿತ್ತು. ಒಂದು ಖಾಸಗಿ ಮೋಟಾರ್ ಕಂಪನಿಯ ಬುಕಿಂಗ್ ಕಿಟಕಿಯಲ್ಲಿ ಕೂತು ಟಿಕೆಟ್ ಹರಿದು ಕೊಡುವುದು ಅವರ ಕೆಲಸ. ಕುರುಗೋಡಿಗೆ ಹೊರಟವರು ಒಮ್ಮೊಮ್ಮೆ ಸಿರುಗುಪ್ಪದಲ್ಲಿ ಇಳಿದದ್ದುಂಟು. ‘ಹೆಂಗೂ ಹೊಳಿ ನೋಡಿದಂಗಾತು’ ಎಂದು ಅವರಲ್ಲಿ ಒಳ್ಳೆಯವರು ಸಮಾಧಾನ ಮಾಡಿಕೊಂಡರು. ಉಳಿದವರು ಏನೆಂದರೋ, ಅದರಲ್ಲೂ ನಮ್ಮವರು ಅರ್ಧವೇ ಕೇಳಿಸಿಕೊಂಡರು.

ಇಂಥವರಿಗೆ ಎಪ್ಪತ್ನಾಲ್ಕನೇ ಇಸವಿಯ ಮುಂಗಾರಿನ ಹೊತ್ತಿಗೆ ಕೆಂಚನಗುಡ್ಡದಲ್ಲಿ ಒಂದು ಅರ್ಧ ಮಾತು ಸಿಕ್ಕಿತು.

ನೆಂಟರ ಮದುವೆಗೆ ಹೋಗಿದ್ದೆವು. ಮುಂಜಾನೆಯ ಮುಹೂರ್ತ ಮುಗಿದು ಉಪ್ಪಿಟ್ಟು ತಿಂದಾಗಿತ್ತು. ಬಸ್ಸು ಹೊರಡಲು ಹೊತ್ತಿತ್ತು. ತುಂಗಭದ್ರೆಯ ದಂಡೆಯಲ್ಲಿ ಮರಳು ನೀರಿನಂತೆ ಮಿನುಗುತ್ತಿತ್ತು, ನೀರು ಮರಳಿನಂತೆ ಸುಮ್ಮನೆ ಬಿದ್ದಿತ್ತು. ಆ ಮರಳಿನ ಮೇಲೆ ಒಬ್ಬರು ಕುಕ್ಕರುಗಾಲಿನಲ್ಲಿ ಕೂತು, ಭೂತಗನ್ನಡಿಯಂಥ ಕೈಗಾಜು ಹಿಡಿದು, ನೆಲದಲ್ಲಿ ಏನನ್ನೋ ನೋಡುತ್ತಿದ್ದರು. ಆಂಧ್ರದ ಆದೋನಿ ಕಡೆಯ ಯಾವುದೋ ಕಾಲೇಜಿನ ಮೇಷ್ಟ್ರಂತೆ. ನಾನು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಬಸ್ಸಿನ ನೆರಳಿನಲ್ಲಿದ್ದೆ. ನಮ್ಮವರು ಅವರ ಪಕ್ಕ ಹೋಗಿ ತಾವೂ ಕುಕ್ಕರುಗಾಲಿನಲ್ಲಿ ಕೂತರು.

“ಏನ್ ಕಳಕೊಂಡೀರಿ ಸಾರ್?”

“ಕಳಕೊಂಡಿಲ್ಲಂಡಿ. ಈ ಗಿಡ ನೋಡ್ತಾ ಇದ್ದೀನಿ.”

“ಇದು ಕೊಮ್ಮಿ ಅಲ್ಲೇನ್ರಿ? ನಮ್ಮ ಅಂಗಳದಾಗ ಬೇಕಾದಷ್ಟು ಐತಿ.”

“ಕೊಮ್ಮಿ ಹೌದಂಡಿ,” ಎಂದರು ಮೇಷ್ಟ್ರು, “ಆದರೆ ಯಾವ ಕೊಮ್ಮಿ?”

ಈ ಪ್ರಶ್ನೆ ನಮ್ಮವರ ಎದೆಗೆ ಬಡಿಯಿತು. ಕೊಮ್ಮೆ ಎಂದರೆ ಮಳೆ ಬಿದ್ದ ಕೂಡಲೇ ದಾರಿಯಲ್ಲಿ, ತಿಪ್ಪೆಯಲ್ಲಿ, ಎಲ್ಲಿ ಬೇಕಾದಲ್ಲಿ ಹಬ್ಬುವ ಗಿಡ. ದನ ತಿನ್ನುತ್ತದೆ, ಬಡವರು ಪಲ್ಯ ಮಾಡುತ್ತಾರೆ, ನಾಟಿ ವೈದ್ಯರು ಬೇರು ಅಗೆಯುತ್ತಾರೆ. ಗುಂಡುಸೂಜಿಯ ತಲೆಯಷ್ಟು ಹೂವು; ಬೆಳಕು ಹರಿಯುವಾಗ ಬಿಚ್ಚಿ, ಬಿಸಿಲೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಅದರಲ್ಲೂ ‘ಯಾವುದು’ ಎಂದು ಕೇಳಬಹುದೆಂದು ಯಾರಿಗೆ ಗೊತ್ತಿತ್ತು?

ಮೇಷ್ಟ್ರು ಎರಡು ಟೊಂಗೆ ಕಿತ್ತು ತೋರಿಸಿದರು. ನೋಡಲು ಅಕ್ಕತಂಗಿಯರ ಹಾಗಿವೆ, ಒಂದೇ ಮನೆತನ, ಆದರೆ ಬೇರೆ ಬೇರೆ. ತೆಲುಗಿನಲ್ಲಿ ಒಂದಕ್ಕೆ ತೆಲ್ಲ ಗಲಿಜೇರು ಅಂತಾರೆ, ಅಂದರೆ ಬಿಳಿಯದು. ಇನ್ನೊಂದಕ್ಕೆ ಎರ್ರ ಗಲಿಜೇರು, ಅಂದರೆ ಕೆಂಪು. “ಆದರೆ ಒಂದು ಮಾತು,” ಎಂದು ಬೆರಳೆತ್ತಿ ಹೇಳಿದರು, “ರಂಗು ಚೂಸಿ ಮೋಸಪೋಕಂಡಿ...”

ಬಣ್ಣ ನೋಡಿ ಮೋಸ ಹೋಗಬೇಡಿ ಎಂದು. ಮತ್ತೇನು ನೋಡಬೇಕು ಎನ್ನುವುದನ್ನೂ ಹೇಳಿದರು. ಆದರೆ ಅದೇ ಗಳಿಗೆಗೆ ನಮ್ಮ ಬಸ್ಸಿನ ಡ್ರೈವರ್ ರಬ್ಬರ್ ಹಾರನ್ನು ಭೋಂ ಎಂದು ಒತ್ತಿದ. ನಮ್ಮವರಿಗೆ ಕೇಳಿಸಿದ್ದು, “ಭೋಂ ಚೂಡಂಡಿ.” ಅಂದರೆ, ‘ಭೋಂ ನೋಡಿ.’

ಹೊರಡುವಾಗ ಮೇಷ್ಟ್ರು ನಮ್ಮವರ ಬೆನ್ನು ತಟ್ಟಿ, “ಒಳ್ಳೆ ಕಣ್ಣಂಡಿ ನಿಮ್ಮದು” ಎಂದುಬಿಟ್ಟರು. ಚಪ್ಪಲಿಯನ್ನು ಎಡಬಲ ಅದಲುಬದಲು ಹಾಕಿಕೊಂಡು ಮದುವೆಗೆ ಬಂದಿದ್ದ ಮನುಷ್ಯನಿಗೆ ಹೇಳಿದ ಮಾತು ಇದು. ಬಳ್ಳಾರಿ ಬರುವವರೆಗೂ ಅವರು ಕಿಟಕಿಯಿಂದ ಹೊರಗೆ ನೋಡುತ್ತ ನಗುತ್ತಿದ್ದರು.

ಪಾರ್ವತಿನಗರದಲ್ಲಿ ನಾವಿದ್ದದ್ದು ಎರ್ರಮ್ಮನವರ ಮನೆಯ ಹಿಂದಿನ ಭಾಗದಲ್ಲಿ. ಮುಂದೆ ಅವರು, ಹಿಂದೆ ನಾವು, ನಡುವೆ ಒಂದು ಬಾಗಿಲು. ಆ ಬಾಗಿಲಿಗೆ ಚಿಲಕವಿದ್ದರೂ ಹಾಕಿದ್ದನ್ನು ನಾನು ನೋಡಿರಲಿಲ್ಲ. ನನಗೆ ತಾಯಿ ಇಲ್ಲ. ನನ್ನ ಬಾಣಂತನ ಮಾಡಿದವರು ಎರ್ರಮ್ಮನವರೇ. ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು, ಹಣೆಗೆ ವಿಭೂತಿ ಹಚ್ಚುವವರೆಗೆ ಅವರ ಬೆಳಗು ಆಗುತ್ತಿರಲಿಲ್ಲ.

ಅವರ ಸ್ವಚ್ಛತೆಯ ಬಗ್ಗೆ ಹೇಳಲೇಬೇಕು. ಅಂಗಳವನ್ನು ಗುಡಿಸಿ, ಸಗಣಿ ಸಾರಿಸಿ, ಒಣಗಿದ ಮೇಲೆ ಸಾರಿಸಿದ್ದನ್ನು ಮತ್ತೆ ಗುಡಿಸುತ್ತಿದ್ದರು. ಅವರ ಚರಂಡಿಯ ಕಲ್ಲು ನಮ್ಮ ಊಟದ ತಟ್ಟೆಗಿಂತ ಬೆಳ್ಳಗಿತ್ತು. ಕಾಗೆಗಳು ಕೂಡ ಆ ಕಾಂಪೌಂಡಿನ ಮೇಲೆ ಕೂರುವ ಮೊದಲು ಯೋಚನೆ ಮಾಡುತ್ತಿದ್ದವು.

ಆ ಅಂಗಳದಲ್ಲಿ ಗೇಟಿನ ಪಕ್ಕ ನೆಟ್ಟಗೆ ನಿಂತ ಒಂದು ಕೊಮ್ಮೆ ಎದ್ದಿತ್ತು. ನಮ್ಮ ಭಾಗದ ಕಿಟಕಿಯ ಕೆಳಗೆ, ಮನೆ ಕಟ್ಟುವಾಗ ಉಳಿದ ಮರಳಿನ ಸಂದಿಯಲ್ಲಿ, ಇನ್ನೊಂದು ನೆಲಕ್ಕೆ ಅಂಟಿ ಹಬ್ಬಿತ್ತು. ನಮ್ಮವರು ಮೊದಲು ಅದನ್ನು ನೋಡಿ ಬಂದರು, ಆಮೇಲೆ ಇದನ್ನು ನೋಡಿ ಬಂದರು, ಮತ್ತೆ ಅದನ್ನು. ನಸುಕಿನಲ್ಲಿ ಗೇಟಿನದು ಗುಲಾಬಿ, ಕಿಟಕಿಯದು ಕೆಂಪು; ಸ್ವಲ್ಪ ಬಿಸಿಲಿಗೆ ಕಿಟಕಿಯದು ಬಿಳಿ, ಗೇಟಿನದು ಗುಲಾಬಿಯೇ; ಆಫೀಸಿನಿಂದ ಊಟಕ್ಕೆ ಬರುವಷ್ಟರಲ್ಲಿ ಎರಡೂ ಕಣ್ಣು ಮುಚ್ಚಿ ಮಲಗಿರುತ್ತಿದ್ದವು.

“ಭೋಂ ಅಂದ್ರ ಏನಿರಬೌದು?” ಎಂದು ರೊಟ್ಟಿಯ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದರು. “ಎಲಿ ನೋಡ್ರಿ ಅಂದಿರಬೇಕು. ಅಲ್ಲ, ಬೇರು ನೋಡ್ರಿ ಅಂದಿರಬೇಕು.”

“ರೊಟ್ಟಿ ನೋಡ್ರಿ. ಆರಾಕತ್ತೈತಿ,” ಎನ್ನುತ್ತಿದ್ದೆ.

ಅವರ ಪಾಯಿಜಾಮದ ತುದಿಗೆ ದಿನಾ ಹಸಿರು ಬೀಜಗಳು ಅಂಟಿರುತ್ತಿದ್ದವು. ಒಗೆಯುವಾಗ ಒಂದೊಂದೇ ಕಿತ್ತು ಬಚ್ಚಲಿಗೆ ಹಾಕುತ್ತಿದ್ದೆ. ಅದರಲ್ಲೇನಿದೆ ಎಂದು ಆಗ ನನಗೂ ಹೊಳೆಯಲಿಲ್ಲ.

ಎರ್ರಮ್ಮನವರು ಗೇಟಿನ ಗಿಡ ಕೀಳಲು ಬಗ್ಗಿದಾಗ ನಮ್ಮವರು ಓಡಿ ಹೋಗಿ ಕೈಮುಗಿದರು. “ಅಮ್ಮಾ, ಅದೊಂದು ಬಿಡ್ರಿ. ಶಾಸ್ತ್ರದ್ದು.”

“ಶಾಸ್ತ್ರ ಅಂತೀಯೇನಪಾ? ಹಂಗಾದ್ರ ಇರ್ಲಿ,” ಎಂದು ಎರ್ರಮ್ಮನವರು ಭಕ್ತಿಯಿಂದ ಬಿಟ್ಟರು. ಅದರ ಸುತ್ತ ಸಗಣಿಯಿಂದ ಒಂದು ಮಂಡಲವನ್ನೂ ಸಾರಿಸಿದರು.

ಬಣ್ಣ ಬಿಡದ ಗೇಟಿನದೇ ಎರ್ರ ಎಂದು ನಮ್ಮವರು ತೀರ್ಮಾನಿಸಿದರು; ಬೋರ್ಡಿನ ಯೋಚನೆ ಬಂದದ್ದು ಆಗ. ಬಿಸ್ಕತ್ ಡಬ್ಬಿಯ ತಗಡಿನ ಮುಚ್ಚಳ, ಬಸ್ಸಿನ ನಂಬರ್ ಬರೆದು ಉಳಿದ ಕೆಂಪು ಬಣ್ಣ. ನಾನು ಕೇಳಿದೆ, “ಕೊಮ್ಮಿ ಅಂತ ಬರದ್ರ ಸಾಲದೇನ್ರಿ?”

“ಕೊಮ್ಮಿ ಅಂತ ದನ ಕಾಯೋರೂ ಅಂತಾರ. ಶಾಸ್ತ್ರ ಅಂದಮ್ಯಾಲೆ ಜನಕ್ಕ ಸೊಲ್ಪ ತಿಳೀಲಾರದಂಗ ಇರಬೇಕು.”

ಹೀಗೆ ಜನಕ್ಕೆ ತಿಳಿಯದಿರಲೆಂದು ತೆಲುಗಿನಲ್ಲಿ ‘ಎರ್ರ ಗಲಿಜೇರು’ ಎಂದು ಕನ್ನಡ ಅಕ್ಷರದಲ್ಲಿ ಬರೆದರು. ಅಕ್ಷರ ದೊಡ್ಡದು, ತಗಡು ಚಿಕ್ಕದು. ಮೇಲಿನ ಸಾಲಿನಲ್ಲಿ ‘ಎರ್ರ’ ಸರಿಯಾಗಿ ಕೂತಿತು. ಕೆಳಗಿನ ಸಾಲಿನಲ್ಲಿ ‘ಗಲಿಜೇ’ ಎನ್ನುವಷ್ಟರಲ್ಲಿ ತಗಡು ಮುಗಿಯಿತು. ಕೊನೆಯ ‘ರು’ವನ್ನು ಅವರು ತಗಡಿನ ಹಿಂಬದಿಗೆ ಬರೆದರು. “ತಿರುಗಿ ನೋಡಿದೋರಿಗೆ ಕಾಣ್ತೈತಿ,” ಎಂದು ಅದನ್ನು ಗೇಟಿನ ಗಿಡದ ಪಕ್ಕ ನೆಟ್ಟರು.

ಪಾರ್ವತಿನಗರದಲ್ಲಿ ಬೋರ್ಡನ್ನು ತಿರುಗಿ ನೋಡುವ ಪದ್ಧತಿ ಇರಲಿಲ್ಲ.

ಮೊದಲು ಓದಿದವರು ಎದುರು ಮನೆಯ ಪಕ್ಕೀರಮ್ಮ. ರಾತ್ರಿ ಶಾಲೆಯಲ್ಲಿ ಹೊಸದಾಗಿ ಅಕ್ಷರ ಕಲಿತಿದ್ದರು. ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದಿಯೇ ಮುಂದೆ ಹೋಗುತ್ತಿದ್ದರು.

“ಎ... ರ್ರ. ಎರ್ರ. ಗ... ಲಿ... ಜೇ. ಗಲಿಜೇ.”  ಆಮೇಲೆ ಎರಡು ಓಣಿಗೆ ಕೇಳುವಂತೆ, “ಅಯ್ಯ ಶಿವನಽ! ಎರ್ರಮ್ಮಕ್ಕಾ, ಹೊರಗ ಬಾರಬೇ! ಎರ್ರ ಗಲೀಜೇ ಅಂತ ನಿಮ್ಮ ಮನಿ ಮುಂದಽ ಬರದಾರ!”

ಎರ್ರಮ್ಮನವರು ಪೊರಕೆ ಹಿಡಿದುಕೊಂಡೇ ಬಂದರು. ಅವರು ಕುರುಗೋಡು ಕಡೆಯವರು, ಮನೆಮಾತು ಕನ್ನಡ, ತೆಲುಗು ಬದನೆಕಾಯಿ ಚೌಕಾಸಿಗೆ ಸಾಕಾಗುವಷ್ಟು. ಎರ್ರ ಎಂದರೆ ಕೆಂಪು ಎಂದು ಅವರಿಗೂ ಗೊತ್ತು. ಆದರೆ ಅರವತ್ತು ವರ್ಷ ತನ್ನ ಹೆಸರಾಗಿದ್ದ ಶಬ್ದಕ್ಕೆ ಇನ್ನೊಂದು ಅರ್ಥವಿದೆ ಎಂದು ಯಾರು ನೆನೆಯುತ್ತಾರೆ?

ನಮ್ಮವರು ವಿವರಣೆ ಕೊಡಲು ಉತ್ಸಾಹದಿಂದ ಓಡಿ ಬಂದರು. ಅವರು ಬರದಿದ್ದರೆ ಒಳ್ಳೆಯದಿತ್ತು.

“ಹೌದಮ್ಮ, ನಾನಽ ಬರದದ್ದು. ಗಲಿಜೇರು ನಿಮ್ಮ ಅಂಗಳದಾಗ ಮೊದಲಿನಿಂದಾನೂ ಐತಿ. ನೀವು ನೋಡಿಲ್ಲ, ಅಷ್ಟ.”

“ನನ್ನ ಅಂಗಳದಾಗ ಗಲೀಜು!”

“ಎಷ್ಟು ತೊಳದ್ರೂ ಹೋಗಂಗಿಲ್ಲಮ್ಮ. ಬೇರು ಆಳ ಐತಿ. ಬ್ಯಾಸಿಗಿಗೆ ಸತ್ತಂಗ ಕಾಣ್ತೈತಿ, ಮಳಿ ಬಿದ್ರ ಮತ್ತ ಎದ್ದು ಬರ್ತೈತಿ. ನಿಮ್ಮಂಥೋರ ಮನ್ಯಾಗ ಇರೋದು ದೊಡ್ಡ ಮಾತು. ನೋಡಾಕ ದೂರದಿಂದ ಜನ ಬರ್ತಾರ!”

ಪಕ್ಕೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎರ್ರಮ್ಮನವರು ಒಳಗೆ ಹೋದರು. ನಾನು ಒಲೆಯ ಮುಂದಿದ್ದೆ. ನಡುವಿನ ಬಾಗಿಲಿನ ಚಿಲಕ ಬಿದ್ದ ಸದ್ದು ಕೇಳಿಸಿತು. ಆ ಚಿಲಕಕ್ಕೂ ಅಭ್ಯಾಸವಿರಲಿಲ್ಲ. ಬಹಳ ಹೊತ್ತು ಕಿರುಗುಟ್ಟಿ ಬಿತ್ತು.

ಅಂದಿನಿಂದ ಎರ್ರಮ್ಮನವರು ನಮ್ಮೊಡನೆ ಮಾತು ಬಿಟ್ಟರು. ಹೇಳುವುದೇನಿದ್ದರೂ ಹಿತ್ತಲಲ್ಲಿದ್ದ ರುಬ್ಬುವ ಒಳಕಲ್ಲಿಗೆ ಹೇಳುತ್ತಿದ್ದರು, ನಮಗೆ ಕೇಳುವಂತೆ.

“ಕೇಳಿಲ್ಲಿ ಒಳಕಲ್ಲ, ಕೂಸಿನ ಅಂಗಿ ಹಗ್ಗದ ಮ್ಯಾಲೆ ತೋಯಾಕತ್ತಾವ, ತಾಯಿ ಅನ್ನಿಸಿಕೊಂಡಾಕಿಗೆ ತಿಳೀಬೇಕು.”

ನಾನು ಹೋಗಿ ಒಳಕಲ್ಲಿನ ಈಚೆ ನಿಂತು, “ಅಮ್ಮ, ಅವರು ಬರದದ್ದು ಗಿಡದ ಹೆಸರು. ನಿಮ್ಮಾಣಿ” ಎಂದೆ.

ಅವರು ಒಳಕಲ್ಲಿನ ಕಡೆಯೇ ನೋಡಿ, “ಗಲೀಜು ಅಂದಿದ್ದಕ್ಕಲ್ಲ ಒಳಕಲ್ಲ. ನಾನು ಎಂಥಾಕಿ ಅಂತ ಊರಿಗೆ ಗೊತ್ತೈತಿ. ಎರ್ರ ಅಂತ ಬರದಾನಲ್ಲ, ಬರೇ ಎರ್ರ! ಬಾಯಿ ತುಂಬ ಅಮ್ಮ ಅಂತಿದ್ದ ಹುಡುಗ. ಬರಿಯೋ ಹೊತ್ತಿಗೆ ಅಮ್ಮ ಬಿಟ್ಟುಬಿಟ್ಟ” ಎಂದರು. ಒಳಕಲ್ಲಿನ ಮೇಲಿಲ್ಲದ ಧೂಳನ್ನು ಸೆರಗಿನಿಂದ ಒರೆಸಿದರು.

ಸಂಜೆ ನಾನು ನಮ್ಮವರಿಗೆ ಹೇಳಿದೆ, “ಮೊದಲು ಆ ಬೋರ್ಡ್ ಕಿತ್ತು ಹಾಕ್ರಿ. ಎರ್ರಮ್ಮಾರಿಗೆ ಅಮ್ಮ ಅನ್ನೋದು ಬಿಟ್ಟಿದ್ದು ಭಾಳ ನೋವಾಗೇತಿ.”

ಅವರು ಗುಡ್ಡದ ಮೇಲೆ ಇಳಿಯುತ್ತಿದ್ದ ಸಂಜೆಗೆಂಪನ್ನು ನೋಡುತ್ತಿದ್ದರು. ಮಾತಿನ ಮೊದಲರ್ಧ ಗುಡ್ಡ ಹತ್ತಿ ಹೋಯಿತು. ಎರಡನೆಯ ಅರ್ಧ ಮಾತ್ರ ಕಿವಿಗೆ ಬಿತ್ತು. “ಅಯ್ಯೋ ಪಾಪ, ಇಷ್ಟೇನಾ?” ಎಂದು ಎದ್ದು ಹೋಗಿ, ಕೆಂಪು ಬಣ್ಣದಲ್ಲಿ ಕುಂಚ ಅದ್ದಿ, ‘ಎರ್ರ’ದ ಮುಂದೆ ಒಂದು ‘ಮ್ಮ’ ಸೇರಿಸಿ ಬಂದರು. ಸಮಾಧಾನದಿಂದ ಕೈ ತೊಳೆದರು.

ಬೆಳಗಾಗುವಷ್ಟರಲ್ಲಿ ಗೇಟಿನ ಮುಂದೆ ಜನ. ಮೊದಲು ಯಾರೆಂಬ ಅನುಮಾನವಾದರೂ ಇತ್ತು. ಈಗ ಅದೂ ಹೋಯಿತು. ಬೋರ್ಡು ಸ್ಪಷ್ಟವಾಗಿ ಕೂಗುತ್ತಿತ್ತು: ಎರ್ರಮ್ಮ ಗಲಿಜೇ.

ಆ ದಾರಿಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಹೆಲ್ತ್ ಇನ್ಸ್‌ಪೆಕ್ಟರ್ ಚಿದಾನಂದಪ್ಪ ಇದನ್ನು ನೋಡಿ ಇಳಿದರು. ಖಾಕಿ ಟೋಪಿ ಸರಿಮಾಡಿಕೊಂಡು, “ಇಲ್ಲಿ ಎರ್ರಮ್ಮ ಅಂದ್ರ ಯಾರು?” ಎಂದರು.

“ನಾನಽ. ಯಾಕ?”

“ಗಲೀಜು ಎಲ್ಲೈತಿ, ತೋರಸ್ರಿ.”

ಎರ್ರಮ್ಮನವರು ಸೊಂಟದ ಮೇಲೆ ಕೈಯಿಟ್ಟರು. “ನೀವಽ ಹುಡುಕ್ರಿ. ಸಿಕ್ರ ನನಗೂ ತೋರಸ್ರಿ.”

ಇನ್ಸ್‌ಪೆಕ್ಟರು ಕಟ್ಟೆಯನ್ನು ಬೆರಳಿನಿಂದ ಒರೆಸಿ ಬೆರಳು ನೋಡಿಕೊಂಡರು. ಹಾಗೆ ಒರೆಸಿದ್ದರಿಂದ ಕಟ್ಟೆಯ ಮೇಲೊಂದು ಗುರುತು ಬಿತ್ತು. ಎರ್ರಮ್ಮನವರು ಅದನ್ನು ಸೆರಗಿನಿಂದ ಒರೆಸಿದರು. ಇನ್ಸ್‌ಪೆಕ್ಟರು ಚರಂಡಿಯೊಳಗೆ ಬಗ್ಗಿದರು. ಅಲ್ಲಿ ಅವರದೇ ಮುಖ ಕಂಡಿತು. ಮೀಸೆ ತಿದ್ದಿಕೊಂಡು ಎದ್ದರು.

“ನನ್ನ ಸರ್ವೀಸಿನಾಗ ಇಂಥ ಅಂಗಳ ನೋಡಿಲ್ರಿ ಅಮ್ಮ.”

“ಮತ್ತ ಹೋಗ್ರಿ.”

“ಹೋಗಾಕ ಬರಂಗಿಲ್ರಿ. ಬೋರ್ಡ್ ಐತಲ್ಲ. ಗಲೀಜು ಇರಲಾರದ ಗಲೀಜಂತ ಬೋರ್ಡ್ ಯಾಕ ಹಾಕ್ತಾರ? ನನ್ನ ಕಣ್ಣಿಗೆ ಕಂಡಿಲ್ಲ ಅಂದ್ರ ಭಾಳ ಸೂಕ್ಷ್ಮ ಗಲೀಜಿರಬೇಕು.”

“ಅದನ್ನಽ ನಾನೂ ಹೇಳಾಕತ್ತಿದ್ದೆ,” ಎಂದರು ನಮ್ಮವರು ಸಂತೋಷದಿಂದ. “ಕೈಗಾಜು ಬೇಕಾಗ್ತೈತ್ರಿ.”

ಇನ್ಸ್‌ಪೆಕ್ಟರು ಆಳಿಗೆ ಹೇಳಿ ಕಳಿಸಿ ಬ್ಲೀಚಿಂಗ್ ಪೌಡರ್ ತರಿಸಿದರು. ಅಂಗಳದ ತುಂಬ ಚೆಲ್ಲಿದರು. ಸಗಣಿಯ ಹಸಿರು ನೆಲದ ಮೇಲೆ ಬಿಳಿ ಪುಡಿ ಹರಡಿ, ಹಾಡಹಗಲಿನಲ್ಲಿ ಬೆಳದಿಂಗಳು ಬಿದ್ದಂತೆ ಕಾಣಿಸಿತು. ಓಣಿಯವರೆಲ್ಲ ಆ ಬೆಳದಿಂಗಳಿನಲ್ಲಿ ನಿಂತು ಸೀನಿದರು. ಹೊರಡುವಾಗ ಇನ್ಸ್‌ಪೆಕ್ಟರು ಬೆರಳೆತ್ತಿದರು. “ಈ ಬೋರ್ಡ್ ಯಾರೂ ಕೀಳಬಾರದು. ಮುಂದ ಎನ್ಕ್ವಾಯರಿ ಆದ್ರ ಸಾಕ್ಷಿ ಬೇಕು.”

ಅದಕ್ಕೆ ಮೊದಲು ಅದು ನಮ್ಮ ಬೋರ್ಡಾಗಿತ್ತು. ಈಗ ಸರ್ಕಾರದ್ದಾಯಿತು.

ಅಂದು ಮಧ್ಯಾಹ್ನ ಎರ್ರಮ್ಮನವರು ಒಳಕಲ್ಲಿನ ಮುಂದೆ ಕೂತು, ನಿಧಾನವಾಗಿ, ಒಂದೊಂದೇ ಮಾತು ಹೇಳಿದರು. “ಕೇಳು ಒಳಕಲ್ಲ. ಕುರುಗೋಡಿನ ನಮ್ಮ ತಮ್ಮಗ ಹೇಳಿ ಕಳಸೀನಿ. ಸೋಮವಾರ ಬರ್ತಾನ. ಹಿಂದಿನ ಮನಿಯೋರು ಅಷ್ಟರಾಗ ಬ್ಯಾರೆ ಮನಿ ನೋಡಿಕೋಬೇಕು.”

ನನ್ನ ಕೈಯಲ್ಲಿದ್ದ ಅಕ್ಕಿಯ ಮೊರ ಅಲ್ಲೇ ನಿಂತಿತು. ಮನೆ ಎಲ್ಲಾದರೂ ಸಿಕ್ಕೀತು. ಆದರೆ ಬಾಣಂತನ ಮಾಡಿದ ತಾಯಿಯನ್ನು ಯಾವ ಓಣಿಯಲ್ಲಿ ಬಾಡಿಗೆಗೆ ಹುಡುಕುವುದು?

ಆ ದಿನಗಳಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ನಸುಕಿನಲ್ಲಿ ಓಣಿಯ ತುದಿಯ ನಲ್ಲಿಗೆ ನೀರು ಬರುತ್ತಿತ್ತು. ನಮ್ಮವರು ಹೊದ್ದು ಮಲಗಿರುತ್ತಿದ್ದರು. ಕೂಸು ಕಿಟಕಿಯ ಪಕ್ಕದ ತೊಟ್ಟಿಲಿನಲ್ಲಿ. ನಾನು ಕೊಡ ತುಂಬಿಕೊಂಡು ಬರುವಷ್ಟರಲ್ಲಿ ತೊಟ್ಟಿಲು ಮೆಲ್ಲಗೆ ತೂಗುತ್ತಿರುತ್ತಿತ್ತು. ಕೂಸು ನಿದ್ದೆಯಲ್ಲೇ ನಗುತ್ತಿರುತ್ತಿತ್ತು. ಹಣೆಯ ಮೇಲೆ ವಿಭೂತಿಯ ಗೆರೆ.

“ಗಾಳಿ ಇರಬೇಕು,” ಎಂದೆ.

“ಗಾಳಿ ಎಲ್ಲೈತಿ?” ಎಂದರು ನಮ್ಮವರು ನಿದ್ದೆಗಣ್ಣಿನಲ್ಲಿ. ಹೊರಗೆ ಬೇವಿನ ಎಲೆ ಅಲುಗುತ್ತಿರಲಿಲ್ಲ.

ವಿಭೂತಿ ನಾನೇ ಹಚ್ಚಿ ಮರೆತಿರಬೇಕು ಎಂದುಕೊಂಡೆ. ಎಳೆ ಕೂಸಿನ ತಾಯಿಗೆ ನಿದ್ದೆ ಯಾವುದು, ಎಚ್ಚರ ಯಾವುದು? ಆ ಹೊತ್ತಿನ ಬೆಳಕೂ ಹಾಗೆಯೇ; ಗುಡ್ಡ ಕರಗಿ ಹೊಗೆಯಂತಾಗಿ, ಕಿಟಕಿಯ ಕೆಳಗೆ ಕೆಂಪು ಹೂವುಗಳು ಆಗಷ್ಟೇ ಕಣ್ಣು ಬಿಡುತ್ತಿದ್ದವು.

ನಮ್ಮವರ ಚಿಂತೆ ಬೇರೆ. “ಯಾವುದೋ ಆಡು ಬಂದು ಕಿಟಕಿ ಕೆಳಗಿನ ಗಿಡ ತುಳಿಯಾಕತ್ತೈತಿ. ದಿನಾ ತುಳೀತೈತಿ, ಆದ್ರ ತಿನ್ನಂಗಿಲ್ಲ. ಇದೆಂಥ ಆಡು?”

“ಸೋಮವಾರ ಮನಿ ಬಿಡಬೇಕು. ನೆನಪೈತೇನ್ರಿ?”

“ಹೌದು, ಸೋಮವಾರ,” ಎಂದರು. ಅವರು ಕೇಳಿಸಿಕೊಂಡದ್ದು ಅಷ್ಟೇ.

ಸೋಮವಾರ ನಡೆದದ್ದರ ಮೊದಲ ಭಾಗವನ್ನು ಆಮೇಲೆ ಕೊಟ್ರಬಸಪ್ಪನವರೇ ನಮಗೆ ಹೇಳಿದರು. ಕೊಟ್ರಬಸಪ್ಪ ಎಂದರೆ ಎರ್ರಮ್ಮನವರ ತಮ್ಮ. ಆಳು ಬಾಗಿಲಿನಷ್ಟು ಎತ್ತರ, ಕೈ ಒನಕೆಯ ಹಾಗೆ. ಕುರುಗೋಡು ಬಸ್ಸಿನಿಂದ ಇಳಿದರು. ಒಂದು ಕೈಯಲ್ಲಿ ದೊಣ್ಣೆ, ತಲೆಯ ಮೇಲೆ ಅಕ್ಕನಿಗೆ ತಂದ ಶೇಂಗಾದ ಗಂಟು. ನಮ್ಮವರು ಊಟಕ್ಕೆ ಮನೆಗೆ ಹೊರಟಿದ್ದರು. ಭಾರ ಹೊತ್ತವರನ್ನು ಕಂಡರೆ ಅವರಿಗೆ ಸುಮ್ಮನಿರಲಾಗದು.

“ಕೊಡ್ರಿ ಗಂಟು. ಯಾವ ಕಡಿ?”

“ಪಾರ್ವತಿನಗರ.”

“ನಾನೂ ಅಲ್ಲೇ. ಏನ್ ಕೆಲಸ ಬಂದ್ರಿ?”

“ಒಬ್ಬಾಂವನ ಕೈ ಮುರಿಯೋದೈತಿ,” ಎಂದರು ಕೊಟ್ರಬಸಪ್ಪ.

“ಪಾಪ, ಇಷ್ಟು ದೂರ ಬರಬೇಕಾತು ನೋಡ್ರಿ. ಏನ್ ಮಾಡಿದ್ನಂತ?”

“ವಯಸ್ಸಾದ ಹೆಣ್ಣುಮಗಳನ್ನ ಗಲೀಜು ಅಂತ ಬೋರ್ಡ್ ಬರದು ಬಾಗಲಿಗೆ ನಿಲ್ಲಿಸ್ಯಾನ.”

ನಮ್ಮವರು ದಾರಿಯಲ್ಲೇ ನಿಂತುಬಿಟ್ಟರಂತೆ. “ಛೇ! ಎಂಥ ಮನಷ್ಯಾ ಅವನು? ಅಕ್ಷರ ಕಲಿತು ಮಾಡೋ ಕೆಲಸ ಏನ್ರಿ ಇದು? ಅಂಥೋನ್ನ ಬಿಡಬಾರದ್ರಿ. ಯಾವ ಕೈಲಿ ಬರದಾನೋ ಆ ಕೈ ಮುರೀರಿ.”

“ಎರಡೂ ಮುರೀತೀನಿ.”

“ಎರಡೂ ಯಾಕ್ರಿ? ಬರದಿದ್ದು ಒಂದಽ ಕೈಲಿ,” ಎಂದು ನಮ್ಮವರು ನ್ಯಾಯ ಹೇಳಿದರು. ಇಂಥ ತಿಳಿದ ಮನುಷ್ಯ ಸಿಕ್ಕಿದನೆಂದು ಕೊಟ್ರಬಸಪ್ಪನವರಿಗೆ ಹಿಗ್ಗು. ಗೆಳೆತನವಾಯಿತು. ದಾರಿಯಲ್ಲಿ ನಿಂತು ಇಬ್ಬರೂ ಮಿರ್ಚಿ ಮಂಡಕ್ಕಿ ತಿಂದರು. ಇಬ್ಬರೂ ನಗುತ್ತ, ಒಂದೇ ಗೇಟಿನ ಮುಂದೆ ಬಂದು ನಿಂತರು.

ಅಂಗಳದಲ್ಲಿ ಎರ್ರಮ್ಮನವರು ಕಟ್ಟೆಯ ಮೇಲೆ ಕೂತಿದ್ದರು. ಪಕ್ಕೀರಮ್ಮ ಬೆಳಗಿನಿಂದ ಕೆಲಸ ಬಿಟ್ಟು ಕಾಂಪೌಂಡಿಗೆ ಆತುಕೊಂಡಿದ್ದರು. ನಾನು ಕೂಸನ್ನೆತ್ತಿಕೊಂಡು ಮೂಲೆಯಲ್ಲಿ ನಿಂತಿದ್ದೆ. ನಮ್ಮ ಪಾತ್ರೆಗಳನ್ನು ಆಗಲೇ ಗೋಣಿಚೀಲಕ್ಕೆ ತುಂಬಿದ್ದೆ.

ಕೊಟ್ರಬಸಪ್ಪ ಬೋರ್ಡು ನೋಡಿದರು. ದೊಣ್ಣೆಯನ್ನು ನೆಲಕ್ಕೆ ಕುಟ್ಟಿದರು. “ಎಲ್ಲದಾನವ? ಹೊರಗ ಬಾರಲೇ!”

ಪಕ್ಕೀರಮ್ಮ ಬೆರಳು ತೋರಿಸಿದರು. “ಹೊರಗಽ ಅದಾರ್ರಿ. ನಿಮ್ಮ ಗಂಟು ಹೊತ್ತು ನಿಂತಾರಲ್ಲ, ಅವರಽ.”

ಕೊಟ್ರಬಸಪ್ಪನವರ ಮುಖ ನೋಡಬೇಕಾಗಿತ್ತು. “ನೀನಾ? ಕೈ ಮುರೀರಿ ಅಂತ ನೀನಽ ಹೇಳಿದೆಲ್ಲೋ!”

“ಹೌದ್ರಿ, ಹೇಳಿದೆ,” ಎಂದರು ನಮ್ಮವರು, ಗಂಟನ್ನು ಜೋಪಾನವಾಗಿ ಕೆಳಗಿಡುತ್ತ. “ಆದ್ರ ಅವಾಗ ಅದು ನಾನು ಅಂತ ಗೊತ್ತಿರಲಿಲ್ಲ.” ಹೇಳಿ, ಬಲಗೈಯನ್ನು ಮುಂದೆ ಚಾಚಿದರು. 

ಎದುರಿಗೆ ಚಾಚಿದ ಕೈಯನ್ನು ಮುರಿಯುವುದು ಹೇಗೆಂದು ಕೊಟ್ರಬಸಪ್ಪನವರಿಗೆ ತಿಳಿಯಲಿಲ್ಲ. ಅಕ್ಕನ ಕಡೆ ನೋಡಿದರು. ಅಕ್ಕ ಒಳಕಲ್ಲನ್ನು ಹುಡುಕಿದರು, ಅದು ಹಿತ್ತಲಲ್ಲಿತ್ತು.  ನಮ್ಮವರು ನಾಚಿಕೆಯಿಂದ ತಲೆ ತಗ್ಗಿಸಿದರು. ತಗ್ಗಿಸಿದ ಕಣ್ಣು ಎರ್ರಮ್ಮನವರ ಸೀರೆಯ ಅಂಚಿನ ಮೇಲೆ ಬಿತ್ತು. ಅಲ್ಲೇ ನಿಂತಿತು.

ಅವರು ಮೆಲ್ಲಗೆ ಮೊಣಕಾಲೂರಿದರು. ಆಮೇಲೆ ಪೂರ್ತಿ ಬಗ್ಗಿದರು. ಹಣೆ ಎರ್ರಮ್ಮನವರ ಪಾದಕ್ಕೆ ತಾಗಿತು.

“ಕಾಲಿಗೆ ಬಿದ್ದ!” ಎಂದರು ಪಕ್ಕೀರಮ್ಮ, ಸ್ವಲ್ಪ ನಿರಾಶೆಯಿಂದ.

ಎರ್ರಮ್ಮನವರ ಕಣ್ಣು ತುಂಬಿತು. “ಏಳಪ್ಪ, ಏಳು. ತಪ್ಪು ಯಾರು ಮಾಡಂಗಿಲ್ಲ,” ಎಂದು ಭುಜ ಹಿಡಿದರು.

ನಮ್ಮವರು ಏಳಲಿಲ್ಲ. ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದರು. “ಅಂಟೈತಿ,” ಎಂದರು. ಮತ್ತೆ ಗಟ್ಟಿಯಾಗಿ, “ಅಂಟೈತಿ! ಗಿಂಜ! ಭೋಂ ಅಲ್ಲ, ಗಿಂಜ! ಗಿಂಜ ಚೂಡಂಡಿ!”

ಗಿಂಜ ಎಂದರೆ ತೆಲುಗಿನಲ್ಲಿ ಬೀಜ. ಆದರೆ ಆ ಗಳಿಗೆಗೆ ನಮಗೆಲ್ಲ ಕಂಡದ್ದು, ಭಯಕ್ಕೆ ತಲೆ ಕೆಟ್ಟ ಒಬ್ಬ ಬುಕಿಂಗ್ ಕ್ಲಾರ್ಕು. ಕೊಟ್ರಬಸಪ್ಪ ದೊಣ್ಣೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

ನಮ್ಮವರು ಗೇಟಿನ ಪಕ್ಕದ ಗಿಡದಿಂದ ಒಂದು ಕಡ್ಡಿ ಮುರಿದು ತಂದರು. ಅದರ ಬೀಜದ ತುದಿ ಚಾಕುವಿನಿಂದ ಕೊಯ್ದಂತೆ ಚಪ್ಪಟೆ. ಸೀರೆಗೆ ಉಜ್ಜಿದರೆ ಉದುರಿತು. ಆಮೇಲೆ ಸಂದಿಗೆ ಓಡಿ, ಕಿಟಕಿಯ ಕೆಳಗಿನಿಂದ ಇನ್ನೊಂದು ತಂದರು. ಅದರದು ದುಂಡು ತುದಿ, ಮೈಯೆಲ್ಲ ಅಂಟು. ಮುಟ್ಟಿಸಿದ ಕೂಡಲೇ ಸೀರೆಯನ್ನು ಹಿಡಿದುಕೊಂಡಿತು.

“ನೋಡ್ರಿ, ಬಣ್ಣ ಇವತ್ತೊಂದು ನಾಳಿಗೊಂದು. ಬೀಜ ಸುಳ್ಳು ಹೇಳಂಗಿಲ್ಲ. ಅಂಗಳದ್ದು ಎರ್ರ ಅಲ್ಲಽ ಅಲ್ಲ! ನಾನು ತಪ್ಪು ಬರದಿದ್ದೆ. ಅಂಟೋದು ಒಂದಽ ಜಾಗದಾಗ ಐತಿ, ನಮ್ಮ ಕಿಟಕಿ ಕೆಳಗ. ಅಲ್ಲಿ ಹೋಗಲಾರದ ಈ ಬೀಜ ಸೀರಿಗೆ ಹತ್ತಂಗಿಲ್ಲ.” ಅವರು ತಲೆಯೆತ್ತಿ, ಬರೀ ಶಾಸ್ತ್ರದ ಕುತೂಹಲದಿಂದ ಕೇಳಿದರು, “ಅಮ್ಮಾ, ನೀವು ದಿನಾ ನಮ್ಮ ಕಿಟಕಿಗೆ ಯಾಕ ಬರ್ತೀರಿ? ಒಣಗಿದ್ದೂ ಅದಾವ, ಹಸೀವೂ ಅದಾವ. ಇವತ್ತೂ ಬಂದಿದ್ರಿ.”

 ಎರ್ರಮ್ಮನವರು ಸೀರೆಯ ಅಂಚನ್ನು ಕಾಲಿನಡಿ ಮುಚ್ಚಿಕೊಂಡರು. ಓಣಿಯಲ್ಲಿ ಯಾರಿಗೂ ಹೆದರದ ಮುಖ ಆಗ ಹತ್ತು ವರ್ಷದ ಹುಡುಗಿಯದಾಗಿತ್ತು.

ತೂಗುತ್ತಿದ್ದ ತೊಟ್ಟಿಲು, ಹಣೆಯ ಮೇಲಿನ ವಿಭೂತಿ, ತುಳಿದು ತಿನ್ನದೆ ಹೋಗುತ್ತಿದ್ದ ಆಡು... “ಕಿಟಕಿ ಪಕ್ಕದಾಗಽ ತೊಟ್ಟಿಲೈತಿ,” ಎಂದೆ. ಹೋಗಿ ಕೂಸನ್ನು ಅವರ ಮಡಿಲಿನಲ್ಲಿ ಹಾಕಿದೆ.

ಕೊಟ್ರಬಸಪ್ಪ ಮೊದಲು ನಕ್ಕರು. ನಗು ನಿಲ್ಲದೆ ಕಟ್ಟೆಯ ಮೇಲೆ ಕೂತರು. “ಅಕ್ಕಾ, ನೀ ಕಿಟಕ್ಯಾಗ ಕೈ ಹಾಕಿ ತೊಟ್ಟಿಲಾ ತೂಗೋದು, ಇವರ ಕೈ ಮುರಿಯಾಕ ನನ್ನ ಕರಸೋದು!”

“ಕೂಸು ಏನ್ ಬೋರ್ಡ್ ಬರದೈತೇನು?” ಎಂದರು ಎರ್ರಮ್ಮ, ಕೂಸಿನ ಕಡೆಯೇ ನೋಡುತ್ತ.

ಕೊಟ್ರಬಸಪ್ಪ ಎದ್ದು ಬೋರ್ಡನ್ನು ಒಂದೇ ಏಟಿಗೆ ಕಿತ್ತರು. ಸರ್ಕಾರದ ಸಾಕ್ಷಿ ಎಂದು ಪಕ್ಕೀರಮ್ಮ ಎಚ್ಚರಿಸಿದರು. ಕೊಟ್ರಬಸಪ್ಪ ಅದನ್ನು ತಿರುಗಿಸಿ, ಹಿಂಬದಿಯ ‘ರು’ ನೋಡಿ, “ಇದೇನಕ್ಕ, ಇಲ್ಲೊಂದು ‘ರು’ ಮಲಗೇತಿ!” ಎಂದು ಮತ್ತೆ ನಗಲು ಶುರುಮಾಡಿದರು. ನಮ್ಮವರು ಯಾರ ನಗುವನ್ನೂ ಕೇಳಿಸಿಕೊಳ್ಳಲಿಲ್ಲ. ಎರಡು ಬೀಜಗಳನ್ನು ಅಂಗೈ ಮೇಲಿಟ್ಟುಕೊಂಡು, ಮೇಷ್ಟ್ರು ಹೊಗಳಿದ ಕಣ್ಣಿನಿಂದ ಅವನ್ನು ನೋಡುತ್ತಿದ್ದರು.

ಮರುದಿನ ನಸುಕಿನಲ್ಲಿ ಕೊಡ ಹೊತ್ತು ಬಂದಾಗ ತೊಟ್ಟಿಲು ತೂಗುತ್ತಿತ್ತು. ಗಾಳಿ ಇರಲಿಲ್ಲ. ನಡುವಿನ ಬಾಗಿಲು ತೆರೆದಿತ್ತು. ನಮ್ಮವರು ಹೊದ್ದು ಮಲಗಿದ್ದರು. ಎರ್ರಮ್ಮನವರು ತೊಟ್ಟಿಲಿನ ಪಕ್ಕ ಕೂತು, ಒಂದು ಕೈಯಿಂದ ಹಗ್ಗ ಎಳೆಯುತ್ತ, ಇನ್ನೊಂದು ಕೈಯಿಂದ ನಿನ್ನೆಯ ಸೀರೆಯ ಅಂಚಿನಿಂದ ಬೀಜ ಬಿಡಿಸುತ್ತಿದ್ದರು. ಒಂದೊಂದನ್ನೇ ಬಿಡಿಸಿ ಕಿಟಕಿಯಿಂದ ಹೊರಗೆ ಬಿಡುತ್ತಿದ್ದರು. ಬಗ್ಗಿ ನೋಡಿದೆ. ಅವರ ಕಾಲಿಗೆ ಸಿಕ್ಕಿ ಗಿಡ ಸತ್ತ ಕಡೆ, ಬರಿದಾಗಿದ್ದ ಮರಳಿನ ಮೇಲೆ, ಗುರಿಯಿಟ್ಟು ಒಂದೊಂದೇ ಹಾಕುತ್ತಿದ್ದರು.

ನಾನು ನೋಡಿದ್ದನ್ನು ಅವರು ನೋಡಿದರು.

“ಗಲೀಜು ಹೊರಗ ಬಿಸಾಕಾಕತ್ತೀನಿ, ಅಷ್ಟ,” ಎಂದರು. ಒಳಕಲ್ಲಿಗಲ್ಲ, ನನಗೆ.